ತಿಂಡಿಯೂರಿನಲ್ಲಿ ಪಥ್ಯದ ನಡಿಗೆ

ಪಥ್ಯ ಮಾಡಲು ಅನುಕೂಲವಾದ ಊರುಗಳು ಎಲ್ಲೋ ಇರಬಹುದು. ಬೆಂಗಳೂರಿನ ಬಸವನಗುಡಿ ಮಾತ್ರ ಆ ಸಾಲಿಗೆ ಸೇರಿದ್ದಲ್ಲ. ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಹೊರಟು, ಸಜ್ಜನರಾವ್ ವೃತ್ತ ಬಳಸಿ, ಶಂಕರಪುರ ದಾಟಿ, ಗಾಂಧಿಬಜಾರಿನ ಹೂವಿನ ರಾಶಿಗಳ ನಡುವೆ ನುಸುಳಿ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಿಂತರೆ ನಡೆದದ್ದು ಮೂರು ನಾಲ್ಕು ಕಿಲೋಮೀಟರು. ಅಷ್ಟರೊಳಗೆ ಮೂಗಿಗೆ ಬಡಿದ ಪರಿಮಳಗಳನ್ನು ಲೆಕ್ಕ ಹಾಕಿ: ಇಳಿಯುತ್ತಿರುವ ಕಾಫಿ ಡಿಕಾಕ್ಷನ್, ಕಾವಲಿಯ ಮೇಲೆ ಚುರುಗುಟ್ಟುವ ಬೆಣ್ಣೆ, ಬೇಕರಿಯಿಂದ ಆಗತಾನೆ ಹೊರಬಂದ ಖಾರ ಬನ್ನು, ಕಾಂಡಿಮೆಂಟ್ಸ್ ಅಂಗಡಿಯ ಬಾಣಲೆಯಲ್ಲಿ ಕೆಂಪಗಾಗುತ್ತಿರುವ ಕೋಡುಬಳೆ. ಹೊಟ್ಟೆ ತುಂಬಿದವನಿಗೂ ಇಲ್ಲಿ ಹಸಿವಾಗುತ್ತದೆ. ಇನ್ನು ವೈದ್ಯರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡವನ ಪಾಡು ಕೇಳಬೇಕೆ?

ಅಂಥವರು ಈಗ ಒಬ್ಬಿಬ್ಬರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದುದ್ದಕ್ಕೂ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ಮೀರಿದೆ. ಆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ಇವರಲ್ಲಿ ಬಹುಮಂದಿಗೆ ಸಿಗುವ ಸಲಹೆ ಒಂದೇ: ತೂಕ ಇಳಿಸಿ, ಅನ್ನ ಮತ್ತು ಸಿಹಿ ಕಡಿಮೆ ಮಾಡಿ.

ಊಟದ ಮಟ್ಟಿಗೆ ಈ ಮಾತನ್ನು ನಡೆಸುವುದು ಅಷ್ಟೇನೂ ಕಷ್ಟವಲ್ಲ. ಬಡಿಸುವ ಕೈಯೇ ಕಾವಲು ಕಾಯುತ್ತದೆ. ಅನ್ನದ ಸೌಟು ಒಂದು ಸಲ ಬಂದು ಮತ್ತೆ ಈ ಕಡೆ ತಿರುಗುವುದಿಲ್ಲ. ಪಥ್ಯ ಕೆಡುವುದು ಊಟದಲ್ಲಲ್ಲ, ಎರಡು ಊಟಗಳ ನಡುವಿನ ಸಂದಿಯಲ್ಲಿ. ವಾಕಿಂಗ್ ಮುಗಿಸಿದ ಮೇಲಿನ ಕಾಫಿ, ಹನ್ನೊಂದು ಗಂಟೆಗೆ ಬಾಯಾಡಿಸಲು ಒಂದು ನಿಪ್ಪಟ್ಟು, ಸಂಜೆ ಸ್ನೇಹಿತರು ಸಿಕ್ಕರೆಂದು ಒಂದು ಪ್ಲೇಟು ಬಜ್ಜಿ. ಇವನ್ನು ಯಾರೂ ಊಟವೆಂದು ಕರೆಯುವುದಿಲ್ಲ, ಆದ್ದರಿಂದ ಲೆಕ್ಕಕ್ಕೂ ತೆಗೆದುಕೊಳ್ಳುವುದಿಲ್ಲ. ದೇಹ ಮಾತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ.

ಆ ಲೆಕ್ಕದಲ್ಲೂ ಎರಡು ಖಾತೆಗಳಿವೆ. ಮೊದಲನೆಯದು ಕ್ಯಾಲರಿಯದು. ಒಂದು ಗ್ರಾಂ ಶರ್ಕರಪಿಷ್ಟದಿಂದ 4, ಒಂದು ಗ್ರಾಂ ಪ್ರೊಟೀನಿನಿಂದ 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲರಿ ಸಿಗುತ್ತದೆ. ಎರಡನೆಯದು ಶರ್ಕರಪಿಷ್ಟದ ಖಾತೆ. ಅಕ್ಕಿ, ಗೋಧಿ, ರವೆ, ಆಲೂಗಡ್ಡೆ, ಸಕ್ಕರೆ, ಬೆಲ್ಲ ಎಲ್ಲವೂ ಇದರಲ್ಲಿ ಬರುತ್ತವೆ. ರಕ್ತದ ಸಕ್ಕರೆಯನ್ನು ಬೇಗ ಏರಿಸುವುದು ಇದೇ. ತೂಕವೂ ಇಳಿಯಬೇಕು, ಸಕ್ಕರೆಯೂ ಹತೋಟಿಗೆ ಬರಬೇಕು ಎನ್ನುವವನು ಎರಡು ಖಾತೆಗಳನ್ನೂ ಒಟ್ಟಿಗೆ ತೂಗಿಸಬೇಕು. ತೊಂದರೆ ಇರುವುದು ಇಲ್ಲೇ. ಇವೆರಡೂ ಯಾವಾಗಲೂ ಒಂದೇ ದಾರಿ ಹಿಡಿಯುವುದಿಲ್ಲ. ಅದು ಹೇಗೆಂಬುದನ್ನು ಬಸವನಗುಡಿಯಷ್ಟು ಚೆನ್ನಾಗಿ ಯಾವ ಪುಸ್ತಕವೂ ಕಲಿಸಲಾರದು.

ಲಾಲ್‌ಬಾಗಿನ ಬಾಗಿಲಲ್ಲಿ

ಹೈದರಾಲಿ 1760ರಲ್ಲಿ ನೆಡಿಸಲು ಆರಂಭಿಸಿದ ಈ ತೋಟ ಈಗ 240 ಎಕರೆ ಹರಡಿದೆ. ಬೆಳಗಿನ ಆರಕ್ಕೆ ಇಲ್ಲಿ ಗಿಡಮರಗಳಿಗಿಂತ ಕ್ಯಾನ್ವಾಸ್ ಬೂಟುಗಳೇ ಎದ್ದು ಕಾಣುತ್ತವೆ. 2017ರಲ್ಲಿ ಮೆಟ್ರೋ ಬಂದ ಮೇಲೆ ದೂರದ ಬಡಾವಣೆಗಳವರೂ ಸೇರಿಕೊಂಡಿದ್ದಾರೆ. ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಹತ್ತಿ ಇಳಿದು, ಕೆರೆಯ ಏರಿಯ ಮೇಲೆ ಬೀಸುಗಾಲು ಹಾಕಿ, ಗಾಜಿನ ಮನೆಯ ಮುಂದೆ ಕೈ ತಟ್ಟಿ ನಕ್ಕು, ಬೆವರೊರೆಸಿಕೊಳ್ಳುತ್ತ ಜನ ಬಾಗಿಲ ಬಳಿಗೆ ಬರುತ್ತಾರೆ. ಒಂದು ಗಂಟೆಯ ಚುರುಕು ನಡಿಗೆಯಲ್ಲಿ ಸಾಧಾರಣ ಮೈಕಟ್ಟಿನವರು ಕರಗಿಸುವುದು 200ರಿಂದ 250 ಕ್ಯಾಲರಿ. ಅದನ್ನು ಮರಳಿ ಸಂಪಾದಿಸಲು ಬೇಕಾದ ಏರ್ಪಾಡು ಬಾಗಿಲಲ್ಲೇ ಇದೆ!

ಅಲ್ಲಿ ಸಾಲಾಗಿ ರಸದ ಪಾತ್ರೆಗಳು. ಹಾಗಲಕಾಯಿ, ಬೂದಗುಂಬಳ, ನೆಲ್ಲಿಕಾಯಿ, ಗೋಧಿ ಹುಲ್ಲು, ಕ್ಯಾರೆಟ್ಟು, ಬೀಟ್‌ರೂಟು. ಎಲ್ಲವೂ ತರಕಾರಿ, ಎಲ್ಲವೂ ಆರೋಗ್ಯ ಎಂಬ ಭಾವನೆ. ಬೂದಗುಂಬಳವೂ ಹಾಗಲವೂ ಬಹುಪಾಲು ನೀರೇ ಆದ್ದರಿಂದ ಎರಡು ಖಾತೆಗೂ ಹೊರೆಯಲ್ಲ. ಕ್ಯಾರೆಟ್ಟು, ಬೀಟ್‌ರೂಟುಗಳ ಮಾತು ಬೇರೆ. ಇಡಿಯಾಗಿ ಅಗಿದು ತಿಂದರೆ ಒಂದು ಗಡ್ಡೆಗೆ ಸಾಕೆನಿಸುತ್ತದೆ. ರಸವಾದರೆ ನಾಲ್ಕು ಗಡ್ಡೆಗಳ ಸಿಹಿ ಒಂದೇ ಲೋಟದಲ್ಲಿ, ನಾರು ಜರಡಿಯಲ್ಲಿ. ಕಿತ್ತಳೆ ರಸದ ಕಥೆಯೂ ಇದೇ. ಸಕ್ಕರೆ ಹಾಕದ 250 ಮಿಲಿಲೀಟರ್ ರಸದಲ್ಲೇ 25 ಗ್ರಾಂ ಆಸುಪಾಸು ಶರ್ಕರಪಿಷ್ಟ ಇರುತ್ತದೆ. ಹಾಗಲದ ರಸ ಕುಡಿದು ಮುಖ ಕಿವಿಚಿಕೊಂಡವರಲ್ಲಿ ಕೆಲವರಿಗೆ ಇನ್ನೊಂದು ಭ್ರಮೆ. ಕಹಿ ಕುಡಿದಾಯಿತಲ್ಲ, ಇನ್ನು ಸಿಹಿ ತಿಂದರೆ ಸರಿಹೋಗುತ್ತದೆ ಎಂದು. ಕಹಿಯೂ ಸಿಹಿಯೂ ನಾಲಿಗೆಯ ಮೇಲೆ ಒಂದನ್ನೊಂದು ಅಳಿಸಬಹುದು, ರಕ್ತದಲ್ಲಿ ಅಳಿಸುವುದಿಲ್ಲ.

ಪಕ್ಕದಲ್ಲೇ ಎಳನೀರಿನ ಗಾಡಿ. 250 ಮಿಲಿಲೀಟರ್ ಎಳನೀರಿಗೆ ಸುಮಾರು 50 ಕ್ಯಾಲರಿ, 10 ಗ್ರಾಂ ಸಕ್ಕರೆ. ಅಂದರೆ ಎರಡು ಎರಡೂವರೆ ಚಮಚ. ದಿನಕ್ಕೆ ಒಂದಾದರೆ ಬಹುಜನರ ಲೆಕ್ಕದಲ್ಲಿ ಹಿಡಿಸೀತು. ಆದರೆ ಇದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಕಬ್ಬಿನ ಹಾಲಿನ ಗಾಣ ಕಂಡರೆ ಮಾತ್ರ ಆಚೆ ಬದಿಯ ಫುಟ್‌ಪಾತೇ ಕ್ಷೇಮ. ಒಂದು ದೊಡ್ಡ ಲೋಟದಲ್ಲಿ ಏಳೆಂಟು ಚಮಚ ಸಕ್ಕರೆಗೆ ಸಮನಾದ ಸಿಹಿ ಇರುತ್ತದೆ. ನಿಂಬೆ, ಶುಂಠಿ ಹಿಂಡಿದ ಮಾತ್ರಕ್ಕೆ ಅದು ಕಷಾಯವಾಗುವುದಿಲ್ಲ.

ಇಡ್ಲಿಯೋ ವಡೆಯೋ?

ವಾಕಿಂಗ್ ಗುಂಪುಗಳ ನಿಜವಾದ ಗುರಿ ಲಾಲ್‌ಬಾಗ್ ಅಲ್ಲ, ಅಲ್ಲಿಂದ ಹೊರಟು ಸೇರುವ ಹೋಟೆಲು ಎಂಬುದು ಗುಟ್ಟೇನಲ್ಲ. ತೋಟದ ಮುಖ್ಯ ದ್ವಾರದ ಕಡೆಯವರಿಗೆ ಎಂಟಿಆರ್ ಇದೆ. ಉಡುಪಿ ಸೀಮೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಶುರುಮಾಡಿದ್ದು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಎಂದು ಹೇಳುತ್ತಾರೆ. ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ರಸ್ತೆಬದಿಯಲ್ಲಿ ನಿಂತೇ ಇಡ್ಲಿ ವಡೆ ತಿನ್ನಬೇಕು. ಗಾಂಧಿಬಜಾರಿಗೆ ಬಂದರೆ 1943ರ ವಿದ್ಯಾರ್ಥಿ ಭವನ. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು, ಕೆಳಗೆ ಕೈಮೇಲೆ ಮಸಾಲೆ ದೋಸೆಯ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವ ಮಾಣಿ.

ಎರಡು ಖಾತೆಗಳ ಜಗಳ ಆರಂಭವಾಗುವುದು ಈ ಮೇಜಿನ ಮೇಲೆ. ಇಡ್ಲಿ ಹಬೆಯಲ್ಲಿ ಬೆಂದದ್ದು, ಎಣ್ಣೆಯ ಸೋಂಕಿಲ್ಲ, ಹಾಗಾಗಿ ಕ್ಯಾಲರಿ ಕಡಿಮೆ. ಆದರೆ ಅದು ಬಹುಪಾಲು ಅಕ್ಕಿ. ಹೋಟೆಲಿನ ಇಡ್ಲಿ ಒಂದರಲ್ಲಿ ಸುಮಾರು 12ರಿಂದ 15 ಗ್ರಾಂ ಶರ್ಕರಪಿಷ್ಟ. ವಡೆ ಉದ್ದಿನ ಬೇಳೆಯದು. ಪಿಷ್ಟ ಕಡಿಮೆ, ಪ್ರೊಟೀನು ಹೆಚ್ಚು, ಆದರೆ ಬಾಣಲೆಯಲ್ಲಿ ಮುಳುಗೆದ್ದು ಬಂದದ್ದು. ಹೀಗಾಗಿ ಕ್ಯಾಲರಿ ಎಣಿಸುವವನು ಇಡ್ಲಿ ತಿಂದು ವಡೆ ಬಿಡುತ್ತಾನೆ. ಪಿಷ್ಟ ಎಣಿಸುವವನು ವಡೆ ತಿಂದು ಇಡ್ಲಿ ಬಿಡುತ್ತಾನೆ. ಎರಡನ್ನೂ ಎಣಿಸುವವನು ಸಾಂಬಾರು ಕುಡಿಯುತ್ತ ಕೂರುತ್ತಾನೆ. ಶಂಕರಪುರದಲ್ಲಾದರೆ ಅವನಿಗೆ ಅದೂ ಇಲ್ಲ, ಅಲ್ಲಿ ಚಟ್ನಿ ಮಾತ್ರ!

ತಮಾಷೆ ಸಾಕು. ಮಾಡಬಹುದಾದದ್ದು ಸರಳ: ಒಂದು ಇಡ್ಲಿ, ಒಂದು ವಡೆ, ಅದಕ್ಕೆ ಸರಿಯಾಗಿ ಚಟ್ನಿ, ಅಷ್ಟಕ್ಕೆ ಏಳುವುದು. ಬರಿಯ ಇಡ್ಲಿಗಿಂತ ಬೇಳೆ, ಕಾಯಿ ಜೊತೆಗೂಡಿದ ತಿಂಡಿ ನಿಧಾನವಾಗಿ ಜೀರ್ಣವಾಗುತ್ತದೆ, ಹಸಿವನ್ನೂ ತಡೆಯುತ್ತದೆ. ಮಸಾಲೆ ದೋಸೆ ಪಥ್ಯದವರಿಗೆ ಒಂಟಿಯಾಗಿ ಎದುರಿಸಲಾಗದ ಪದಾರ್ಥ. ಅಕ್ಕಿಯ ದೋಸೆಯೊಳಗೆ ಆಲೂಗಡ್ಡೆಯ ಪಲ್ಯ, ಅಂದರೆ ಪಿಷ್ಟದೊಳಗೆ ಪಿಷ್ಟ, ಅದರ ಮೇಲೆ ಬೆಣ್ಣೆ. ಒಂದು ದೋಸೆ, ಒಂದು ಕಾಫಿ ಮುಗಿಯುವಷ್ಟರಲ್ಲಿ ಕೆರೆ ಏರಿಯ ಮೇಲೆ ಗಳಿಸಿದ್ದೆಲ್ಲ ಹೋಗಿ ಸಾಲವೂ ಆಗಿರುತ್ತದೆ.

ಬೈ ಟೂ ಎಂಬ ಔಷಧ

ಇಷ್ಟೆಲ್ಲ ಕಷ್ಟವಿದ್ದರೆ ಹೋಟೆಲಿಗೆ ಹೋಗುವುದನ್ನೇ ಬಿಡಬಾರದೇಕೆ? ಬಹಳ ಮಂದಿ ಬಿಡುತ್ತಾರೆ, ಅದೇ ದುಃಖ. ಮೂವತ್ತು ವರ್ಷ ಒಂದೇ ಬ್ಯಾಂಕಿನಲ್ಲೋ ಒಂದೇ ಕಾರ್ಖಾನೆಯಲ್ಲೋ ದುಡಿದು ನಿವೃತ್ತರಾದವರು ಐದಾರು ಜನ ಸೇರಿ ನಡೆಯುತ್ತಾರೆ. ಒಬ್ಬರ ರಕ್ತಪರೀಕ್ಷೆಯ ವರದಿ ಕೆಟ್ಟು ಬರುತ್ತದೆ. ಅವರು ಮೊದಲು ದೋಸೆ ಬಿಡುತ್ತಾರೆ, ಆಮೇಲೆ ಕಾಫಿ ಬಿಡುತ್ತಾರೆ, ಖಾಲಿ ಕೈಯಲ್ಲಿ ಕೂತು ಇತರರು ತಿನ್ನುವುದನ್ನು ನೋಡಲಾಗದೆ ‘ಮನೇಲಿ ಸ್ವಲ್ಪ ಕೆಲಸ ಇದೆ ಕಣ್ರೀ’ ಎಂದು ಗೇಟಿನಲ್ಲೇ ತಿರುಗಿಕೊಳ್ಳುತ್ತಾರೆ. ನಾಲ್ಕು ವಾರ ಕಳೆದರೆ ನಡಿಗೆಗೂ ಬರುವುದಿಲ್ಲ. ಪಥ್ಯ ಉಳಿಯಿತು, ವಾಕಿಂಗ್ ಹೋಯಿತು, ಹರಟೆ ಹೋಯಿತು. ಸಕ್ಕರೆ ಇಳಿಸಲು ನಡಿಗೆ ಬೇಕು, ನಡೆಯಲು ಜೊತೆ ಬೇಕು, ಜೊತೆ ಸೇರುವುದು ಕಾಫಿಯ ಮೇಜಿನಲ್ಲಿ. ಆ ಮೇಜನ್ನು ಬಿಡಿಸುವ ಪಥ್ಯ ಬಹಳ ದಿನ ನಡೆಯುವುದಿಲ್ಲ.

ಇದಕ್ಕೆ ಬೆಂಗಳೂರು ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದೆ. ಅದೇ ‘ಬೈ ಟೂ’. ಒಂದು ಕಾಫಿಯನ್ನು ಎರಡು ಲೋಟಕ್ಕೆ ಸುರಿದು ಇಬ್ಬರು ಕುಡಿಯುವ ಈ ಪದ್ಧತಿಯ ಹಿಂದೆ ಇದ್ದದ್ದು ಆರೋಗ್ಯವಲ್ಲ, ಜೇಬಿನ ಮಿತಿ. ಆದರೇನಂತೆ, ಇಂದು ಅದರ ಬೆಲೆ ಹೆಚ್ಚಾಗಿದೆ. ಅರ್ಧ ಕಾಫಿ ಕೇಳುವುದಕ್ಕೆ ಇಲ್ಲಿ ಯಾರೂ ನಾಚಬೇಕಿಲ್ಲ, ಕೊಡುವವರೂ ಹುಬ್ಬೇರಿಸುವುದಿಲ್ಲ. ಜೊತೆಗೆ ‘ಸಕ್ಕರೆ ಬೇಡ’ ಎಂದು ಮೊದಲೇ ಹೇಳಿದರಾಯಿತು. ದಿನಕ್ಕೆ ನಾಲ್ಕು ಕಾಫಿ ಕುಡಿಯುವವರು ಎರಡೆರಡು ಚಮಚದಂತೆ ಎಂಟು ಚಮಚ ಸಕ್ಕರೆ ತಿಂದಂತಾಯಿತು. ಸಕ್ಕರೆಯೊಂದರಿಂದಲೇ 130 ಕ್ಯಾಲರಿಗೆ ಕಡಿಮೆಯಿಲ್ಲ. 300 ಮಿಲಿಲೀಟರಿನ ಕೋಲಾ ಬಾಟಲಿಯಲ್ಲಿರುವುದೂ ಹೆಚ್ಚು ಕಡಿಮೆ ಇಷ್ಟೇ ಸಕ್ಕರೆ. ಕೋಲಾ ಮುಟ್ಟೆನೆಂದು ಮೊಮ್ಮಕ್ಕಳಿಗೆ ಬುದ್ಧಿ ಹೇಳುವ ಅಜ್ಜಂದಿರು ಇದನ್ನು ಗಮನಿಸಬೇಕು. ಡಿಕಾಕ್ಷನ್ನಿನಲ್ಲಿ ಕ್ಯಾಲರಿ ಇಲ್ಲವೆಂದೇ ಹೇಳಬಹುದು. ಭಾರವೆಲ್ಲ ಹಾಲು ಸಕ್ಕರೆಗಳದ್ದು. ಸಕ್ಕರೆಯನ್ನು ಒಮ್ಮೆಲೇ ಬಿಡಲಾರದವರು ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಹೋದರೆ ಎರಡು ತಿಂಗಳಲ್ಲಿ ನಾಲಿಗೆ ಒಪ್ಪಿಕೊಳ್ಳುತ್ತದೆ. ಒಳ್ಳೆಯ ಪ್ಲಾಂಟೇಷನ್ ಬೀಜದ ರುಚಿ ಗೊತ್ತಾಗುವುದೂ ಆಗಲೇ.

ಗಾಂಧಿಬಜಾರಿನ ಹನ್ನೊಂದು ಗಂಟೆ

ತರಕಾರಿ ಚೀಲ ಹಿಡಿದು ಗಾಂಧಿಬಜಾರಿಗೆ ಬಂದವರಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಸಣ್ಣಗೆ ಹಸಿವು. ಇಲ್ಲಿನ ಕಾಂಡಿಮೆಂಟ್ಸ್ ಅಂಗಡಿಗಳ ಕೀರ್ತಿ ದೊಡ್ಡದು. 1948ರಷ್ಟು ಹಳೆಯದಾದ ಸುಬ್ಬಮ್ಮನ ಅಂಗಡಿಯ ಮುಂದೆ ಇಂದಿಗೂ ಜನ ನಿಲ್ಲುತ್ತಾರೆ. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು, ತೇಂಗೊಳಲು, ಹೀಗೆ ಹೆಸರು ಬೇರೆ ಬೇರೆಯಾದರೂ ಒಳಗಿನ ವಿಚಾರ ಒಂದೇ: ಅಕ್ಕಿಹಿಟ್ಟು ಮತ್ತು ಎಣ್ಣೆ. ಎರಡು ಖಾತೆಗಳಿಗೂ ಒಟ್ಟಿಗೆ ಬರೆ ಹಾಕುವ ತಿಂಡಿ ಇದು. ತಿನ್ನಲೇಬಾರದೆಂದಲ್ಲ. ಕಾಲು ಕಿಲೋ ಪೊಟ್ಟಣ ಮನೆಗೆ ತಂದು ಡಬ್ಬಿ ತುಂಬಿಸುವುದಕ್ಕೂ, ಅಂಗಡಿಯ ಮುಂದೆ ನಿಂತು ಒಂದೇ ಒಂದು ನಿಪ್ಪಟ್ಟು ಕೊಂಡು ಮುರಿದು ತಿನ್ನುವುದಕ್ಕೂ ವ್ಯತ್ಯಾಸವಿದೆ. ಡಬ್ಬಿಗೆ ಕೈ ಹಾಕಿದವನಿಗೆ ತಳ ಕಾಣುವವರೆಗೆ ಎಣಿಕೆ ಸಿಗುವುದಿಲ್ಲ.

ಇದೇ ಬೀದಿಯಲ್ಲಿ ಕೆಲವು ನಂಬಿಕೆಗಳೂ ಮಾರಾಟವಾಗುತ್ತವೆ. ಬೆಲ್ಲ ತಿಂದರೆ ಪರವಾಗಿಲ್ಲ ಎಂಬುದು ಒಂದು. ತೂಕಕ್ಕೆ ತೂಕ ಹಿಡಿದರೆ ಬೆಲ್ಲದ ಕ್ಯಾಲರಿಗೂ ಸಕ್ಕರೆಯ ಕ್ಯಾಲರಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ರಾಗಿ ಎಷ್ಟಾದರೂ ಸರಿ ಎಂಬುದು ಇನ್ನೊಂದು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಅಕ್ಕಿಗಿಂತ ಬಹಳ ಹೆಚ್ಚು, ಅದು ಅದರ ದೊಡ್ಡತನ. ಆದರೆ ಶರ್ಕರಪಿಷ್ಟ ನೂರು ಗ್ರಾಮಿಗೆ 70ರ ಆಸುಪಾಸು, ಅಕ್ಕಿಗೆ ಸ್ವಲ್ಪ ಕಡಿಮೆ ಅಷ್ಟೆ. ಹಾಲು ಬೆಲ್ಲ ಬೆರೆಸಿದ ರಾಗಿ ಮಾಲ್ಟ್ ಒಂದು ಸಣ್ಣ ಊಟವೇ ಹೊರತು ಪಾನೀಯವಲ್ಲ. ಮಜ್ಜಿಗೆ ಬೆರೆಸಿದ ತೆಳ್ಳನೆಯ ಅಂಬಲಿಯಾದರೆ ಲೆಕ್ಕ ಹಗುರ. ‘ಸಕ್ಕರೆ ರಹಿತ’ ಎಂದು ಬರೆದ ಬಿಸ್ಕತ್ತು ಮೂರನೆಯದು. ಸಕ್ಕರೆ ಇಲ್ಲದಿರಬಹುದು, ಮೈದಾ ಎಲ್ಲಿಗೆ ಹೋಯಿತು? ಸಿಹಿ ಮಾತ್ರೆಗಳ ಬಗ್ಗೆಯೂ ಒಂದು ಮಾತು. ತೂಕ ಇಳಿಸುವ ಉದ್ದೇಶಕ್ಕೆ ಕೃತಕ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ.

ಹಾಗಾದರೆ ಹನ್ನೊಂದು ಗಂಟೆಗೆ ಏನು ತಿನ್ನಬೇಕು? ಉತ್ತರ ತರಕಾರಿ ಚೀಲದಲ್ಲೇ ಇದೆ. ನೂರು ಗ್ರಾಂ ಸೌತೆಕಾಯಿಗೆ 15 ಕ್ಯಾಲರಿ. ಉದ್ದಕ್ಕೆ ಸೀಳಿ ಉಪ್ಪು ಖಾರ ಸವರಿದರೆ ಅದಕ್ಕಿಂತ ಹಿತವಾದ ಬಾಯಾಟ ಬೇರೆ ಬೇಕೆ? ಇಂಗು, ಶುಂಠಿ, ಕರಿಬೇವು ಬಿದ್ದ ನೀರು ಮಜ್ಜಿಗೆ ಇನ್ನೊಂದು. ಬೆಣ್ಣೆ ತೆಗೆದು ತೆಳ್ಳಗೆ ಮಾಡಿದ ಒಂದು ಲೋಟಕ್ಕೆ 30, 40 ಕ್ಯಾಲರಿ ಮೀರುವುದಿಲ್ಲ. ರಕ್ತದೊತ್ತಡವಿದ್ದವರು ಉಪ್ಪಿಗೆ ಕೈ ಬಿಗಿ ಹಿಡಿದರೆ ಸಾಕು. ಸೀಬೆಹಣ್ಣನ್ನು ಹೋಳು ಮಾಡಿ ಅಗಿದು ತಿಂದರೆ ನಾರು ಧಾರಾಳವಾಗಿ ಸಿಗುತ್ತದೆ. ಹೆಸರುಬೇಳೆಯ ಕೋಸಂಬರಿಯಂತೂ ಅರ್ಧ ಔಷಧ, ಅರ್ಧ ಹಬ್ಬ. 20 ಗ್ರಾಂ ಬೇಳೆ ನೆನೆಸಿ ಸೌತೆಕಾಯಿ ಧಾರಾಳವಾಗಿ ಹೆಚ್ಚಿ ಹಾಕಿದರೆ ಬಟ್ಟಲು ತುಂಬುತ್ತದೆ. ಬೇಳೆಯ ಲೆಕ್ಕ 70 ಕ್ಯಾಲರಿ, 5 ಗ್ರಾಂ ಪ್ರೊಟೀನು. ತುರಿದ ತೆಂಗಿನಕಾಯಿ ಮಾತ್ರ ಚಮಚದಲ್ಲಿ, ಹಿಡಿಯಲ್ಲಲ್ಲ.

ರಾಮನವಮಿಯ ದಿನ ಈ ಬೀದಿಗಳಲ್ಲಿ ಪೆಂಡಾಲು ಹಾಕಿ ಹಂಚುವ ಮೂರು ಪದಾರ್ಥಗಳನ್ನು ನೆನೆಸಿಕೊಳ್ಳಿ: ಪಾನಕ, ನೀರು ಮಜ್ಜಿಗೆ, ಕೋಸಂಬರಿ. ಮೂರರಲ್ಲಿ ಎರಡು ಪಥ್ಯದವರಿಗೇ ಹೇಳಿ ಮಾಡಿಸಿದಂತಿವೆ. ಬೆಲ್ಲದ ಪಾನಕವನ್ನು ಒಂದು ಉದ್ಧರಣೆಯಷ್ಟು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರೆ ರಾಮನೇನೂ ಬೇಸರಿಸಲಾರ.

ಬಸವಣ್ಣನ ಕಡಲೆಕಾಯಿ

ಕಾರ್ತೀಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ. ಎರಡೂ ಬದಿಗೆ ಕಡಲೆಕಾಯಿಯ ಗುಡ್ಡಗಳು. ಹಸಿಯದು, ಹುರಿದದ್ದು, ಬೇಯಿಸಿದ್ದು. ಸುಂಕೇನಹಳ್ಳಿ, ಮಾವಳ್ಳಿ, ಗವಿಪುರ, ಹೊಸಕೆರೆಹಳ್ಳಿಗಳ ರೈತರ ಬೆಳೆಯನ್ನು ತಿನ್ನುತ್ತಿದ್ದ ಬಸವನಿಗೆ ಮೊದಲ ಫಸಲನ್ನು ಒಪ್ಪಿಸುವ ಹರಕೆಯಿಂದ ಪರಿಷೆ ಹುಟ್ಟಿತೆಂದು ಹೇಳುತ್ತಾರೆ. ಹೊಲಗಳು ಹೋಗಿ ಬಡಾವಣೆಗಳು ಬಂದರೂ ಹರಕೆ ನಿಂತಿಲ್ಲ. ದೂರದೂರುಗಳಿಂದ ಲಾರಿಗಳಲ್ಲಿ ಕಾಯಿ ಬರುತ್ತದೆ.

ಪಿಷ್ಟ ಬಿಟ್ಟವರ ಪಾಲಿಗೆ ಇದು ಸುಗ್ಗಿ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಶರ್ಕರಪಿಷ್ಟ 16 ಗ್ರಾಂ, ಅದರಲ್ಲೂ ಅರ್ಧ ನಾರು. ಪ್ರೊಟೀನು 25 ಗ್ರಾಮಿಗೂ ಮೇಲೆ. ಇಷ್ಟು ಕೇಳಿದವರು ಸೇರುಗಟ್ಟಲೆ ಕೊಂಡು ಹೊರಡುತ್ತಾರೆ. ಆಗ ಕ್ಯಾಲರಿಯ ಖಾತೆ ಬಾಯಿ ತೆರೆಯುತ್ತದೆ. ಅದೇ ನೂರು ಗ್ರಾಮಿನಲ್ಲಿ ಕೊಬ್ಬು 50 ಗ್ರಾಂ ಹತ್ತಿರ, ಕ್ಯಾಲರಿ 560ಕ್ಕೂ ಹೆಚ್ಚು. ಪಿಷ್ಟ ಕಡಿಮೆಯಾದ ಮಾತ್ರಕ್ಕೆ ಕ್ಯಾಲರಿ ಕಡಿಮೆಯಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಬೀಜಕ್ಕೆ 170 ಕ್ಯಾಲರಿ. ಸಂಜೆಯ ತಿಂಡಿಗೆ ಅದು ನ್ಯಾಯವಾದ ಅಳತೆ.

ಪರಿಷೆಯಲ್ಲಿ ತಿನ್ನುವ ಕ್ರಮದಲ್ಲೇ ಅದಕ್ಕೊಂದು ಕಡಿವಾಣವಿದೆ. ಕಾಯಿಯ ಸಿಪ್ಪೆ ಒಡೆಯಬೇಕು, ಬೀಜದ ಮೇಲಿನ ಕೆಂಪು ಹೊಟ್ಟು ಊದಬೇಕು, ಜೊಳ್ಳು ಬಿಸಾಡಬೇಕು. ಕೈಗೆ ಕೆಲಸವಿದ್ದಾಗ ಬಾಯಿಗೆ ಅವಸರವಿಲ್ಲ. ಹತ್ತು ನಿಮಿಷಕ್ಕೆ ಹದಿನೈದು ಕಾಯಿ ಮುಗಿದರೆ ಹೆಚ್ಚು, ಎದುರಿಗೆ ಬಿದ್ದ ಸಿಪ್ಪೆಯ ರಾಶಿ ತಿಂದದ್ದೆಷ್ಟೆಂದು ಸಾಕ್ಷಿ ಹೇಳುತ್ತದೆ. ಅದೇ ಬೀಜವನ್ನು ಮಸಾಲೆ ಹಚ್ಚಿ ‘ಕಾಂಗ್ರೆಸ್’ ಮಾಡಿ ಕೈಗಿತ್ತರೆ ಎರಡು ನಿಮಿಷದ ಮಾತು. ಹುರಿದದ್ದಕ್ಕಿಂತ ಬೇಯಿಸಿದ ಕಡಲೆಕಾಯಿ ಮೇಲು. ನೀರು ಹೀರಿ ಉಬ್ಬಿರುವುದರಿಂದ ನೂರು ಗ್ರಾಂ ಬೀಜಕ್ಕೆ 320 ಕ್ಯಾಲರಿಯೊಳಗೇ ನಿಲ್ಲುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ.

ತಿಂಡಿ ಬೀದಿಯ ಸಂಜೆ

ಸಂಜೆಯಾದರೆ ಎಲ್ಲ ದಾರಿಗಳೂ ವಿಶ್ವೇಶ್ವರಪುರದ ತಿಂಡಿ ಬೀದಿಗೆ. 1953ರಲ್ಲಿ ಆರಂಭವಾದ ವಿ.ಬಿ. ಬೇಕರಿ ಇರುವುದು ಇಲ್ಲೇ. ಇಡೀ ಬೀದಿ ಒಂದು ಉದ್ದನೆಯ ಅಡುಗೆಮನೆ. ಪಡ್ಡು, ಅಕ್ಕಿರೊಟ್ಟಿ, ಹೋಳಿಗೆ, ಮೆಣಸಿನಕಾಯಿ ಬಜ್ಜಿ, ಗುಲ್ಕನ್, ಕಾಂಗ್ರೆಸ್ ಬನ್ನು. ಚಳಿಗಾಲದಲ್ಲಿ ಸೊಗಡು ಅವರೆಯ ಕಾಲ. ಅವರೆಬೇಳೆ ಮೇಳದ ಹೊತ್ತಿಗೆ ಹಿತಕಿದ ಬೇಳೆಯ ಹುಳಿಯಿಂದ ಹಿಡಿದು ಜಿಲೇಬಿಯವರೆಗೆ ಅವರೆಯ ಅವತಾರಗಳು. ಅವರೆಕಾಳು ಸ್ವತಃ ಸಜ್ಜನ. ಪ್ರೊಟೀನೂ ಇದೆ, ನಾರೂ ಇದೆ. ಸಹವಾಸ ನೋಡಿಕೊಳ್ಳಬೇಕು. ಹುಳಿಯಲ್ಲಿದ್ದರೆ ಒಳ್ಳೆಯದು, ದೋಸೆ ಉಪ್ಪಿಟ್ಟುಗಳ ಮೇಲಿದ್ದರೆ ಮಧ್ಯಮ, ಪಾಕದಲ್ಲಿ ಮುಳುಗಿದರೆ ಕೈಮುಗಿಯುವುದೇ ಲೇಸು.

ಪಥ್ಯದವರು ಇಲ್ಲಿ ಕಲಿಯಬೇಕಾದ ಒಂದು ವಿದ್ಯೆ, ಕೇಳುವುದು. ಚುರುಮುರಿಯವನು ಕಣ್ಣೆದುರೇ ಕಲೆಸುತ್ತಾನೆ. ‘ಪುರಿ ಅರ್ಧ ಹಾಕಿ, ಸೌತೆಕಾಯಿ, ಟೊಮೆಟೊ, ಮಾವಿನಕಾಯಿ ಜಾಸ್ತಿ ಹಾಕಿ’ ಎಂದರೆ ಅವನು ಬೇಡವೆನ್ನುವುದಿಲ್ಲ. ಪುರಿ ಹಗುರವಾಗಿದೆಯೆಂದು ಮೋಸ ಹೋಗಬಾರದು. ಅದು ಗಾಳಿ ತುಂಬಿಕೊಂಡ ಅಕ್ಕಿ, ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಟೊಮೆಟೊ ಬಿಲ್ಲೆಗಳ ಮೇಲೆ ಕ್ಯಾರೆಟ್ ತುರಿ, ಈರುಳ್ಳಿ, ಖಾರ ಹಾಕಿ ಕೊಡುವ ತಿಂಡಿ ಪುರಿಯಿಲ್ಲದೆಯೂ ರುಚಿಯೇ. ಕುಡಿಯಲು ಉಪ್ಪು ಹಾಕಿದ ನಿಂಬೆ ಸೋಡಾ. ‘ಸಿಹಿ ಉಪ್ಪು ಎರಡೂ’ ಎಂದರೆ ಕೆಟ್ಟಿತು.

ಬಸವನಗುಡಿಯ ಶಿಷ್ಟರು ಗಟ್ಟಿಯಾಗಿ ಹೇಳದ ಇನ್ನೊಂದು ಪಾನೀಯವೂ ಇದೆ. 30 ಮಿಲಿಲೀಟರ್ ವಿಸ್ಕಿಯಲ್ಲಿ ಶರ್ಕರಪಿಷ್ಟವಿಲ್ಲ ಎಂಬುದು ನಿಜ, ಆದರೆ ಕ್ಯಾಲರಿ 70ರಷ್ಟಿದೆ. ದೊಡ್ಡ ಬಾಟಲಿ ಬಿಯರಿಗೆ 250ರ ಮೇಲೆ, ಜೊತೆಗೆ 20 ಗ್ರಾಂ ಆಸುಪಾಸು ಪಿಷ್ಟ. ಸಂಗಡ ಬರುವ ತಟ್ಟೆಯ ಲೆಕ್ಕ ಬೇರೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು. ಅಮಲೆಂದು ಸುತ್ತಲಿನವರು ನಕ್ಕು ಸುಮ್ಮನಾದರೆ ಪ್ರಾಣಕ್ಕೇ ಕುತ್ತು.

ಈ ಎಚ್ಚರಿಕೆ ಮದ್ಯಕ್ಕೆ ಮಾತ್ರವಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಬಗೆಯ ಮಾತ್ರೆ ನುಂಗುವವರು ತಾವಾಗಿಯೇ ಪಿಷ್ಟ ಬಿಟ್ಟರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರು, ನಡುಕ, ಗಾಬರಿ ಕಂಡು, ಪರೀಕ್ಷೆಯಲ್ಲಿ 70 ಮಿಲಿಗ್ರಾಮಿಗಿಂತ ಕಡಿಮೆ ಬಂದರೆ ಆ ಕ್ಷಣದ ಪಥ್ಯ ಮೂರು ನಾಲ್ಕು ಚಮಚ ಸಕ್ಕರೆಯೇ. ಆಹಾರ ಬದಲಿಸುವ ಮುನ್ನ ಮಾತ್ರೆಯ ಪ್ರಮಾಣವನ್ನು ವೈದ್ಯರೊಡನೆ ಮಾತಾಡಿಕೊಳ್ಳುವುದು ಕಡ್ಡಾಯ.

ಒಂದೇ ಒಂದು!

ಇಷ್ಟು ಲೆಕ್ಕ ಗೊತ್ತಿದ್ದೂ ಪಥ್ಯ ಮುರಿಯುವುದು ಹಸಿವಿನಿಂದಲ್ಲ, ದಾಕ್ಷಿಣ್ಯದಿಂದ. ‘ಒಂದೇ ಒಂದು ತಗೊಳ್ಳಿ, ಏನೂ ಆಗಲ್ಲ’ ಎಂಬ ಮಾತಿಗೆ ಉತ್ತರ ಕೊಡುವುದು ಯಾವ ಪಥ್ಯದ ಪುಸ್ತಕದಲ್ಲೂ ಇಲ್ಲ. ಬೇಡವೆಂದರೆ ಕೊಡುವವರಿಗೆ ನೋವು, ಬೇಕೆಂದರೆ ತನಗೆ ನಷ್ಟ. ಕೊಡುವವರದೂ ತಪ್ಪಲ್ಲ. ತಿನ್ನಿಸುವುದೇ ಪ್ರೀತಿ ಎಂದು ಬೆಳೆದವರು ಅವರು. ಅವರು ಕಲಿಯಬೇಕಾದದ್ದು ತಿನ್ನಿಸುವುದನ್ನು ಬಿಡುವುದಲ್ಲ, ತಟ್ಟೆಯಲ್ಲಿ ಏನಿಡಬೇಕೆಂಬುದನ್ನು ಬದಲಿಸುವುದು. ಮನೆಗೆ ಬಂದವರಿಗೆ ಬಿಸ್ಕತ್ತಿನ ಬದಲು ಕೋಸಂಬರಿ, ಶರಬತ್ತಿನ ಬದಲು ಮಜ್ಜಿಗೆ ಇಟ್ಟರೆ ಆದರಕ್ಕೂ ಕೊರತೆಯಿಲ್ಲ, ಕಾಯಿಲೆಯವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದಂತೆಯೂ ಆಗುವುದಿಲ್ಲ.

ಗೇಟಿನಲ್ಲೇ ತಿರುಗಿಕೊಂಡು ಹೋಗುವವರನ್ನು ಉಳಿಸಿಕೊಳ್ಳುವುದು ಗುಂಪಿನ ಕೈಯಲ್ಲೇ ಇದೆ. ಅದಕ್ಕೆ ಉಪದೇಶ ಬೇಕಿಲ್ಲ, ಆರ್ಡರು ಕೊಡುವ ಕ್ರಮ ಬದಲಾದರೆ ಸಾಕು. ತಲೆಗೊಂದು ಎನ್ನದೆ ಮೇಜಿಗಿಷ್ಟು ಎಂದು ಹೇಳುವುದು. ನಾಲ್ಕು ಜನಕ್ಕೆ ಒಂದು ಮಸಾಲೆ ದೋಸೆ, ಎರಡು ಪ್ಲೇಟು ವಡೆ, ಎರಡು ಬೈ ಟೂ ಕಾಫಿ, ಅದರಲ್ಲೊಂದು ಸಕ್ಕರೆ ಇಲ್ಲದ್ದು. ದೋಸೆಯ ಗರಿಗರಿ ಅಂಚು ಯಾರಿಗೆ ಸೇರಬೇಕೆಂಬ ಜಗಳಕ್ಕೆ ಇನ್ನೊಂದು ಹತ್ತು ನಿಮಿಷ ಹರಟೆ ಬೆಳೆದರೆ ಬೆಳೆಯಲಿ. ಪಥ್ಯವೆಂಬ ಮಾತು ಬಂದದ್ದೇ ಪಥ ಎಂಬುದರಿಂದ. ದಾರಿಗೆ ಹೊಂದುವಂಥದ್ದು ಎಂದು ಅದರ ಅರ್ಥ. ಬಸವನಗುಡಿಯ ದಾರಿ ಹೋಟೆಲಿನ ಮುಂದೆಯೇ ಹೋಗುತ್ತದೆ. ಅದನ್ನು ತಪ್ಪಿಸಿ ಸುತ್ತುಬಳಸುವುದಕ್ಕಿಂತ ಒಳಗೆ ಹೋಗಿ ಅರ್ಧ ಲೋಟ ಕಾಫಿ ಕುಡಿದು ಎದ್ದು ಬರುವುದನ್ನು ಕಲಿತವರು ಮಾರನೆಯ ಬೆಳಿಗ್ಗೆಯೂ ಲಾಲ್‌ಬಾಗಿಗೆ ಬರುತ್ತಾರೆ.